ಸ್ಟಾಂಪ್ ಕಮ್ಮಿ, ನೋಂದಣಿ ಇಲ್ಲ: ಅಂಥ ಪತ್ರವನ್ನು ಸಿವಿಲ್ ಕೋರ್ಟಿನಲ್ಲಿ ಸಾಕ್ಷ್ಯವಾಗಿಸುವುದು ಹೇಗೆ?

ಸಾಕ್ಷಿ ಕಟಕಟೆಯಲ್ಲಿ ವಾದಿ ನಿಂತಿದ್ದಾರೆ. ಅವರ ವಕೀಲರು ಒಂದು ಹಳೆಯ ಕ್ರಯದ ಕರಾರನ್ನು ಕೈಗೆತ್ತಿಕೊಳ್ಳುತ್ತಾರೆ. ಮೇಲೆ 100 ರೂಪಾಯಿಯ ಬಾಂಡ್ ಪೇಪರ್, ಹಿಂದೆ ನಾಲ್ಕು ಹಾಳೆ, ಕೊನೆಯಲ್ಲಿ ನೋಟರಿಯ ದುಂಡು ಸೀಲು. ಅದಕ್ಕೆ ಸಾಕ್ಷ್ಯದ ನಂಬರ್ ಬೀಳುವ, ಅಂದರೆ ಮಾರ್ಕ್ ಆಗುವ ಮೊದಲೇ ಎದುರು ವಕೀಲರು ಎದ್ದು, "ಸ್ವಾಮಿ, ಇದಕ್ಕೆ ಸ್ಟಾಂಪ್ ಸಾಲದು, ರಿಜಿಸ್ಟರೂ ಆಗಿಲ್ಲ, ಮಾರ್ಕ್ ಮಾಡಬಾರದು" ಅನ್ನುತ್ತಾರೆ. ಅವತ್ತಿನ ಸಾಕ್ಷಿ ಅಲ್ಲಿಗೆ ನಿಂತಿತು. ಹೊರಗೆ ಬಂದ ಮೇಲೆ ಕಕ್ಷಿದಾರರು ಕೇಳುವುದು ಒಂದೇ ಪ್ರಶ್ನೆ: "ಹಾಗಾದ್ರೆ ನಮ್ಮ ಪತ್ರ ಬಿದ್ದೇ ಹೋಯ್ತಾ ಸಾರ್?"

ಬಹಳ ಸಲ ಬಿದ್ದಿರುವುದಿಲ್ಲ. ಆದರೆ ಉಳಿಸಿಕೊಳ್ಳಬೇಕಾದರೆ ಯಾವ ದೋಷಕ್ಕೆ ಯಾವ ದಾರಿ ಅಂತ ಗೊತ್ತಿರಬೇಕು. ಇಲ್ಲಿ ಬರೆದಿರುವುದು ಕರ್ನಾಟಕದ ಸಿವಿಲ್ ಕೋರ್ಟುಗಳ ಮಟ್ಟಿಗೆ. ಬೇರೆ ರಾಜ್ಯಗಳಲ್ಲಿ ಮುದ್ರಾಂಕ ಕಾಯ್ದೆಯ ಕಲಂ ಸಂಖ್ಯೆ, ಶುಲ್ಕ ಎರಡೂ ಬದಲಾಗುತ್ತವೆ.

ಹಂತ 1: ಎರಡು ದೋಷಗಳನ್ನು ಬೇರೆ ಬೇರೆ ಮಾಡಿ

"ಸ್ಟಾಂಪೂ ಇಲ್ಲ, ರಿಜಿಸ್ಟರೂ ಇಲ್ಲ" ಅಂತ ಎದುರಿನವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನೀವು ಅದನ್ನು ಎರಡಾಗಿ ಸೀಳಿ ಉತ್ತರ ಕೊಡಬೇಕು.

ಸ್ಟಾಂಪ್ ವಿಷಯ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಗೆ ಸೇರಿದ್ದು. ಅದರ ಕಲಂ 34ರ ಮಾತು ಬಿಗಿಯಾಗಿದೆ. ಸರಿಯಾದ ಸ್ಟಾಂಪ್ ಇಲ್ಲದ ದಸ್ತಾವೇಜನ್ನು ಯಾವ ಉದ್ದೇಶಕ್ಕೂ ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ, ಅದರ ಮೇಲೆ ಕ್ರಮ ಕೈಗೊಳ್ಳುವಂತೆಯೂ ಇಲ್ಲ. ಆದರೆ ಅದೇ ಕಲಂನಲ್ಲೇ ಬಿಡುಗಡೆಯೂ ಇದೆ: ಕೊರತೆ ಶುಲ್ಕ, ದಂಡ ಕಟ್ಟಿದರೆ ಪತ್ರ ಒಳಗೆ ಬರುತ್ತದೆ. 10 ವರ್ಷ ಕಳೆದಿರಲಿ, 20 ವರ್ಷ ಕಳೆದಿರಲಿ. ಸರ್ಕಾರಕ್ಕೆ ಬೇಕಿರುವುದು ಅದರ ದುಡ್ಡು. ಸ್ಟಾಂಪ್ ಇಲ್ಲದ ಪತ್ರ ಶೂನ್ಯವಲ್ಲ, ಅದು ಸರಿಪಡಿಸಬಹುದಾದ ದೋಷ ಅಂತ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್ 13ರಂದು ಮಧ್ಯಸ್ಥಿಕೆ ಕರಾರುಗಳ ವಿಚಾರದಲ್ಲಿ ಸ್ಪಷ್ಟವಾಗಿ ಹೇಳಿದೆ.

ನೋಂದಣಿ ವಿಷಯ 1908ರ ನೋಂದಣಿ ಕಾಯ್ದೆಗೆ ಸೇರಿದ್ದು. ಇಲ್ಲಿ ಲೆಕ್ಕ ಉಲ್ಟಾ. ಗಡುವು ಮುಗಿದ ಮೇಲೆ ಎಷ್ಟು ದುಡ್ಡು ಸುರಿದರೂ ನೋಂದಣಿ ಆಗುವುದಿಲ್ಲ. ಹಾಗಂತ ಪತ್ರ ಪೂರ್ತಿ ಹೊರಗೂ ಬೀಳುವುದಿಲ್ಲ. ಕಲಂ 49ರ ಉಪಬಂಧ ಎರಡು ಕಿಂಡಿ ಬಿಟ್ಟಿದೆ, ಅವು ಹಂತ 6ರಲ್ಲಿವೆ.

ಈ ಎರಡರಲ್ಲಿ ಸ್ಟಾಂಪಿನದ್ದೇ ಮೊದಲ ಬಾಗಿಲು. ನೋಂದಣಿಯಾಗದ ಪತ್ರವನ್ನು "ಕೊಲ್ಯಾಟರಲ್ ಪರ್ಪಸ್"ಗೆ, ಅಂದರೆ ಆನುಷಂಗಿಕ ಉದ್ದೇಶಕ್ಕೆ ನೋಡಿ ಅಂತ ಕೇಳುವ ವಕೀಲರು ಈ ಬಾಗಿಲನ್ನೇ ಮರೆತಿರುತ್ತಾರೆ. ಕಲಂ 34ರ "ಯಾವ ಉದ್ದೇಶಕ್ಕೂ" ಎನ್ನುವುದರಲ್ಲಿ ಆನುಷಂಗಿಕ ಉದ್ದೇಶವೂ ಸೇರಿದೆ. ಕೇಂದ್ರದ ಮುದ್ರಾಂಕ ಕಾಯ್ದೆಯ ಇದೇ ಮಾತುಗಳ ಬಗ್ಗೆ (2009) 2 ಎಸ್‌ಸಿಸಿ 532ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ (ಎಸ್‌ಸಿಸಿ, ಎಐಆರ್, ಐಎಲ್‌ಆರ್ ಅಂದರೆ ತೀರ್ಪುಗಳು ಅಚ್ಚಾಗುವ ವರದಿ ಸಂಪುಟಗಳು). ಸ್ಟಾಂಪ್ ಸರಿ ಮಾಡಿಕೊಳ್ಳದೆ ಕಲಂ 49ರ ಮಾತು ಎತ್ತಿ ಪ್ರಯೋಜನವಿಲ್ಲ.

ಹಂತ 2: ಶೀರ್ಷಿಕೆ ಬಿಡಿ, ಒಳಗಿನದನ್ನು ಓದಿ

ಪತ್ರದ ತಲೆಬರಹ ಏನೇ ಇರಲಿ, ಕೋರ್ಟ್ ನೋಡುವುದು ಒಳಗಿನ ಮಾತನ್ನು. ಕ್ರಯದ ಕರಾರನ್ನೇ ತೆಗೆದುಕೊಳ್ಳಿ. ಅದರಲ್ಲಿ "ಸ್ವಾಧೀನ" ಅನ್ನುವ ಪದ ಎಲ್ಲಿದೆ ಅಂತ ಮೊದಲು ಹುಡುಕಿ. "ಕ್ರಯಪತ್ರ ಆದ ದಿನ ಸ್ವಾಧೀನ ಬಿಟ್ಟುಕೊಡತಕ್ಕದ್ದು" ಅಂತಿದ್ದರೆ ಶುಲ್ಕ ಕಡಿಮೆ. "ಈ ದಿವಸವೇ ಸದರಿ ಸ್ವತ್ತನ್ನು ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ" ಅಂತಿದ್ದರೆ ಕರ್ನಾಟಕ ಕಾಯ್ದೆಯ ಅನುಸೂಚಿಯ 5(ಇ) ಅನುಚ್ಛೇದದ ಪ್ರಕಾರ ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಶುಲ್ಕ, ಅದೂ ಮಾರುಕಟ್ಟೆ ಬೆಲೆಯ ಮೇಲೆ. ಟೈಪ್ ಮಾಡುವವರು ಹಳೆಯ ನಮೂನೆಯಿಂದ ಆ ಒಂದು ಸಾಲನ್ನು ಸುಮ್ನೆ ಎತ್ತಿ ಹಾಕಿರುತ್ತಾರೆ. ಹತ್ತು ವರ್ಷದ ನಂತರ ಅದು ಲಕ್ಷಗಳ ಲೆಕ್ಕವಾಗಿ ಎದುರು ನಿಲ್ಲುತ್ತದೆ.

ಪಾಲುಪಟ್ಟಿಯಲ್ಲೂ ಇದೇ ಕಥೆ. "ಈ ಪತ್ರದ ಮೂಲಕ ನಾವು ಸ್ವತ್ತುಗಳನ್ನು ವಿಭಾಗ ಮಾಡಿಕೊಂಡಿರುತ್ತೇವೆ" ಅಂದರೆ ಹಕ್ಕು ಹುಟ್ಟುವುದೇ ಆ ಕಾಗದದಿಂದ, ಹಾಗಾಗಿ ಅದಕ್ಕೆ ನೋಂದಣಿ ಬೇಕು. "ಕಳೆದ ಯುಗಾದಿಯಲ್ಲಿ ಹಿರಿಯರ ಸಮಕ್ಷಮ ಬಾಯಿಮಾತಿನಲ್ಲಿ ವಿಭಾಗವಾಗಿದ್ದು, ಅದರ ನೆನಪಿಗಾಗಿ ಇದನ್ನು ಬರೆದಿಟ್ಟಿದ್ದೇವೆ" ಅಂದರೆ ಅದು ಆಗಿಹೋದದ್ದರ ದಾಖಲೆ ಮಾತ್ರ. ಕೌಟುಂಬಿಕ ಏರ್ಪಾಟಿನ ಇಂಥ ನೆನಪಿನ ಪಟ್ಟಿಗೆ ನೋಂದಣಿ ಬೇಡ ಅನ್ನುವುದು 1976ರಿಂದ, ಅಂದರೆ (1976) 3 ಎಸ್‌ಸಿಸಿ 119ರಿಂದ ಗಟ್ಟಿಯಾಗಿ ನಿಂತಿರುವ ಮಾತು. ಆದರೆ ಕ್ರಿಯಾಪದ ಬದಲಾಯಿಸಿದ ಮಾತ್ರಕ್ಕೆ ಕೋರ್ಟ್ ಮೋಸ ಹೋಗುವುದಿಲ್ಲ. ಹಿಂದೆ ವಿಭಾಗ ಆಗಿತ್ತು ಅನ್ನುವುದಕ್ಕೆ ಖಾತೆ ಬದಲಾವಣೆ, ಪಹಣಿ, ಬೇರೆ ಬೇರೆ ಕಂದಾಯ ಕಟ್ಟಿದ ರಸೀದಿ ಇಂಥವು ಜೊತೆಗಿರಬೇಕು.

ಹೆಣ್ಣುಮಕ್ಕಳ ಪಾಲಿನ ದಾವೆಯಾದರೆ ಇನ್ನೂ ಒಂದು ಎಚ್ಚರ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 6ಕ್ಕೆ 2005ರಲ್ಲಿ ತಂದ ತಿದ್ದುಪಡಿ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗಗಳನ್ನು ಮುಟ್ಟುವುದಿಲ್ಲ. ಆದರೆ ವಿಭಾಗ ಅಂದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ ಅಂತ ಅಲ್ಲೇ ವಿವರಣೆ ಇದೆ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಣ್ಣತಮ್ಮಂದಿರು ಆಮೇಲೆ ಕೂತು ಬರೆದುಕೊಂಡ ಹಳೇ ತಾರೀಖಿನ ಪಾಲುಪಟ್ಟಿ ಇಲ್ಲಿ ನಿಲ್ಲುವುದು ಕಷ್ಟ.

ಇನ್ನು ನೋಟರಿ ಸೀಲು. ಅದು ನೋಂದಣಿಯಲ್ಲ. "30 ವರ್ಷ ಹಳೆಯ ಪತ್ರ, ಹಾಗಾಗಿ ಏನೂ ಬೇಡ" ಅನ್ನುವುದೂ ತಪ್ಪು. ಆ ನಿಯಮ ಸಹಿ, ಬರವಣಿಗೆಯ ಬಗ್ಗೆ ಒಂದು ಊಹೆಯನ್ನು ಕೊಡುತ್ತದೆ ಅಷ್ಟೇ, ಸ್ಟಾಂಪ್ ಕೊರತೆಯನ್ನು ತುಂಬುವುದಿಲ್ಲ.

ಹಂತ 3: ಕೋರ್ಟಿಗೆ ಹಾಕುವ ಮೊದಲೇ ಲೆಕ್ಕ ಮಾಡಿ

ದಸ್ತಾವೇಜು ಒಮ್ಮೆ ಕೋರ್ಟಿನ ಮುಂದೆ ಬಂದರೆ, ಅದಕ್ಕೆ ಸ್ಟಾಂಪ್ ಸಾಲದು ಅಂತ ಕಂಡರೆ, ಮುದ್ರಾಂಕ ಕಾಯ್ದೆಯ ಕಲಂ 33ರ ಪ್ರಕಾರ ನ್ಯಾಯಾಧೀಶರು ಅದನ್ನು ಇಂಪೌಂಡ್ ಮಾಡಲೇಬೇಕು, ಅಂದರೆ ವಶಕ್ಕೆ ತೆಗೆದುಕೊಳ್ಳಲೇಬೇಕು. ಎದುರಿನವರು ತಕರಾರು ಎತ್ತಲಿ, ಬಿಡಲಿ. "ಹಾಗಾದ್ರೆ ಬೇಡ ಬಿಡಿ, ವಾಪಸ್ ಕೊಡಿ" ಅನ್ನಲು ಬರುವುದಿಲ್ಲ. ಅದಕ್ಕೇ ದಾವೆ ಹಾಕುವ ಮೊದಲೇ ಕೂತು ಶುಲ್ಕದ ಲೆಕ್ಕ ಮಾಡಿ.

ಶುಲ್ಕದ ದರ ನೋಡಬೇಕಾದದ್ದು ಪತ್ರ ಬರೆದ ದಿನದ್ದು, ಇವತ್ತಿನದ್ದಲ್ಲ. 2008ರ ಕರಾರಿಗೆ 2008ರ ದರ, ಆಗಿನ ಬೆಲೆ. ಕೋರ್ಟ್ ಕಚೇರಿಯಿಂದ ಬರುವ ಲೆಕ್ಕದಲ್ಲಿ ಇವತ್ತಿನ ದರ ಹಾಕಿದ್ದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಸಮಾಧಾನವಾಗಿ ಹಳೆಯ ಅನುಸೂಚಿ ತೋರಿಸಿ ಸರಿ ಮಾಡಿಸಿಕೊಳ್ಳಬೇಕು.

ಪತ್ರ ಬರೆದು ಇನ್ನೂ 1 ವರ್ಷ ಆಗಿಲ್ಲ ಅಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಲಂ 40ರ ಪ್ರಕಾರ ನೀವಾಗಿಯೇ ಜಿಲ್ಲಾ ನೋಂದಣಾಧಿಕಾರಿಯ ಬಳಿ ಹೋಗಿ, ಕೊರತೆಯಾದದ್ದು ಆಕಸ್ಮಿಕವಾಗಿ, ತಪ್ಪು ತಿಳಿವಳಿಕೆಯಿಂದ ಅಥವಾ ತುರ್ತಿನಿಂದ ಅಂತ ಮನವರಿಕೆ ಮಾಡಿಕೊಟ್ಟರೆ, ದಂಡವಿಲ್ಲದೆ ಬರೀ ಕೊರತೆ ಶುಲ್ಕ ಕಟ್ಟಿ ಮುಗಿಸಬಹುದು. ಈ ಕಲಂ ಬಳಸಿದವರು ಕಡಿಮೆ. ಜಗಳ ಹುಟ್ಟುವ ಹೊತ್ತಿಗೆ ವರ್ಷ ದಾಟಿರುತ್ತದೆ, ಅದೇ ತೊಂದರೆ.

ಹಂತ 4: ಹತ್ತು ಪಟ್ಟು ದಂಡವೋ, ಜಿಲ್ಲಾ ನೋಂದಣಾಧಿಕಾರಿಯೋ?

ನಿಜವಾಗಿ ದುಡ್ಡು ಉಳಿಯುವುದು, ಹೋಗುವುದು ಈ ಹಂತದಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಕೊರತೆ ಶುಲ್ಕ 40,000 ರೂಪಾಯಿ ಅಂದುಕೊಳ್ಳಿ. ನಿಮಗೆ ಮುಂದೆ ಎರಡು ದಾರಿ.

ಮೊದಲನೆಯದು, ಕೋರ್ಟಿನಲ್ಲೇ ಕಟ್ಟಿ ಈಗಲೇ ಮಾರ್ಕ್ ಮಾಡಿಸುವುದು. ಕಲಂ 34ರ ಪ್ರಕಾರ ದಂಡ ಕೊರತೆಯ 10 ಪಟ್ಟು, ಅಂದರೆ 4,00,000. ಕೊರತೆಯೂ ಸೇರಿ 4,40,000 ರೂಪಾಯಿ. "ಬಡವರು, ಸ್ವಲ್ಪ ಕಡಿಮೆ ಮಾಡಿ" ಅಂತ ನ್ಯಾಯಾಧೀಶರನ್ನು ಕೇಳಿ ಉಪಯೋಗವಿಲ್ಲ. ಅವರಿಗೆ ಇದರಲ್ಲಿ ವಿವೇಚನೆಯೇ ಇಲ್ಲ ಅಂತ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. ಅದು (2019) 3 ಎಸ್‌ಸಿಸಿ 788ರಲ್ಲಿ ವರದಿಯಾಗಿದೆ. ಹೀಗೆ ಕಟ್ಟಿದ ಮೇಲೆ ಕೋರ್ಟ್ ಕಲಂ 37(1)ರ ಪ್ರಕಾರ ದಸ್ತಾವೇಜಿನ ದೃಢೀಕೃತ ನಕಲನ್ನೂ ಹಣವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸುತ್ತದೆ. ಆಗ ಕಲಂ 38ರಲ್ಲಿ ದಂಡದ ಮರುಪಾವತಿಗೆ ಅರ್ಜಿ ಹಾಕಬಹುದು. ಆದರೆ ಮೊದಲು ಅಷ್ಟೂ ದುಡ್ಡು ಕೈಯಿಂದ ಹೋಗಿರುತ್ತದೆ, ವಾಪಸ್ ಬರುವುದು ಆಮೇಲಿನ ಮಾತು.

ಎರಡನೆಯದು, ಮೂಲ ದಸ್ತಾವೇಜನ್ನೇ ಕಲಂ 37(2)ರ ಪ್ರಕಾರ ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸಿ ಅಂತ ಕೇಳುವುದು. ಕಾಯ್ದೆಯಲ್ಲಿ ಡೆಪ್ಯುಟಿ ಕಮಿಷನರ್ ಅಂತಿದೆ. ಆ ಅಧಿಕಾರವನ್ನು ನಮ್ಮಲ್ಲಿ ಚಲಾಯಿಸುವುದು ಜಿಲ್ಲಾ ನೋಂದಣಾಧಿಕಾರಿ. ಅವರು ಕಲಂ 39ರಲ್ಲಿ ದಂಡ ಹಾಕುತ್ತಾರೆ. ಅಲ್ಲಿ 10 ಪಟ್ಟು ಅನ್ನುವುದು ಗರಿಷ್ಠ ಮಿತಿ, ಕಡ್ಡಾಯವಲ್ಲ. ತಪ್ಪು ಹೇಗಾಯಿತು, ವಂಚಿಸುವ ಉದ್ದೇಶವಿತ್ತೇ ಅಂತ ನೋಡಿ ಕಡಿಮೆಯನ್ನೂ ಹಾಕಬಹುದು. ದಸ್ತಾವೇಜು ಈಗಲೇ ಸಾಕ್ಷ್ಯಕ್ಕೆ ಸೇರಬೇಕು ಅನ್ನದಿದ್ದರೆ ಈ ದಾರಿ ತೆರೆದಿರುತ್ತದೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ಅದೂ ಕರ್ನಾಟಕದಿಂದ ಹೋದ ಪ್ರಕರಣದಲ್ಲೇ, ಬಿಡಿಸಿ ಹೇಳಿತು.

ಹಾಗಾಗಿ ಮಾರ್ಕ್ ಮಾಡಿ ಅಂತ ಕೇಳುವ ಮೊದಲೇ ಒಂದು ಮಧ್ಯಂತರ ಅರ್ಜಿ ಹಾಕಿ. ಅದರ ಜೀವ ಇರುವುದು ಒಂದೇ ವಾಕ್ಯದಲ್ಲಿ. ನಾನು ಸಾಮಾನ್ಯವಾಗಿ ಹೀಗೆ ಬರೆಯುತ್ತೇನೆ:

"ವಾದಿಯು ಸದರಿ ಕರಾರು ಪತ್ರವನ್ನು ಈ ಹಂತದಲ್ಲಿ ಸಾಕ್ಷ್ಯಕ್ಕೆ ಸೇರಿಸಬೇಕೆಂದು ಕೋರುತ್ತಿಲ್ಲ. ಆದ್ದರಿಂದ ಕರ್ನಾಟಕ ಮುದ್ರಾಂಕ ಕಾಯ್ದೆಯ ಕಲಂ 37(2)ರ ಪ್ರಕಾರ ಮೂಲ ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಯವರಿಗೆ ಕಳುಹಿಸಿ, ಕಲಂ 39ರಡಿ ಶುಲ್ಕ ಮತ್ತು ದಂಡ ನಿಗದಿಯಾಗಿ ಪತ್ರ ಹಿಂದಿರುಗಿದ ನಂತರ ಅದನ್ನು ಗುರುತಿಸಲು ಅವಕಾಶ ನೀಡಬೇಕಾಗಿ ಪ್ರಾರ್ಥನೆ."

"ಕೋರುತ್ತಿಲ್ಲ" ಅನ್ನುವ ಪದ ಬಿಡಬೇಡಿ. ಅದು ಇಲ್ಲದಿದ್ದರೆ ಎದುರಿನವರು "ಇವರು ಸಾಕ್ಷ್ಯಕ್ಕೆ ಹಾಜರುಪಡಿಸಿಯಾಗಿದೆ, 10 ಪಟ್ಟು ಕಟ್ಟಲಿ" ಅನ್ನುತ್ತಾರೆ.

ಈ ದಾರಿಗೂ ಖರ್ಚಿದೆ, ಅದು ಸಮಯ. ಫೈಲು ಹೋಗಿ ಬರಲು ತಿಂಗಳುಗಳೇ ಹಿಡಿಯಬಹುದು. ಮೂಲ ಪತ್ರ ಕೋರ್ಟ್ ಬಿಡುವ ಮೊದಲು ಅದರ ದೃಢೀಕೃತ ನಕಲು ಕಡತದಲ್ಲಿ ಉಳಿಯುವಂತೆ ಕೇಳಿಕೊಳ್ಳಿ. ಅಷ್ಟರಲ್ಲಿ ಆ ಪತ್ರ ಬೇಕಿಲ್ಲದ ಸಾಕ್ಷಿಗಳ ವಿಚಾರಣೆ ನಡೆಸಿ ಅಂತಲೂ ಕೇಳಿ. ಕೊರತೆ 300 ರೂಪಾಯಿಯಷ್ಟೇ ಆಗಿದ್ದರೆ ಈ ಸುತ್ತಾಟ ಬೇಡವೇ ಬೇಡ. 3,300 ಕಟ್ಟಿ ಅವತ್ತೇ ಮುಗಿಸಿ.

ನಕಲಿನ ಮೂಲಕ ನುಸುಳಲು ನೋಡಬೇಡಿ. ಸ್ಟಾಂಪ್ ಸಾಲದ ಪತ್ರದ ಜೆರಾಕ್ಸನ್ನು ದ್ವಿತೀಯಕ ಸಾಕ್ಷ್ಯವಾಗಿ ತರಲು ಬರುವುದಿಲ್ಲ (ಎಐಆರ್ 1971 ಎಸ್‌ಸಿ 1070). ಜೆರಾಕ್ಸಿಗೆ ದಂಡ ಕಟ್ಟಿ ಸರಿಪಡಿಸಲೂ ಬರುವುದಿಲ್ಲ, ಇಂಪೌಂಡ್ ಆಗುವುದು ಮೂಲ ಮಾತ್ರ ((2007) 8 ಎಸ್‌ಸಿಸಿ 514). "ಕಾಗದ ಬೇಡ, ಷರತ್ತುಗಳನ್ನು ಬಾಯಲ್ಲೇ ಹೇಳಿಸುತ್ತೇವೆ" ಅಂದರೆ ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 94 ಅಡ್ಡ ಬರುತ್ತದೆ. ಬರಹದಲ್ಲಿರುವ ಕರಾರನ್ನು ಬರಹದಿಂದಲೇ ರುಜುವಾತು ಮಾಡಬೇಕು.

ಪ್ರಾಮಿಸರಿ ನೋಟ್ ಮಾತ್ರ ಬೇರೆ ಜಾತಿ. ಅದು ಕೇಂದ್ರದ 1899ರ ಕಾಯ್ದೆಗೆ ಸೇರಿದ್ದು. ರೆವಿನ್ಯೂ ಸ್ಟಾಂಪ್ ಇಲ್ಲದ ಪ್ರೋನೋಟನ್ನು 2006ರ ತಿದ್ದುಪಡಿಗೆ ಮೊದಲು ದಂಡ ಕಟ್ಟಿಯೂ ಉಳಿಸಲಾಗುತ್ತಿರಲಿಲ್ಲ, ಈಗಲೂ ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ. ಸಾಲ ಕೊಟ್ಟದ್ದು ಪ್ರೋನೋಟಿಗೆ ಹೊರತಾಗಿ ನಿಲ್ಲುವ ವ್ಯವಹಾರವಾಗಿದ್ದರೆ, ಬ್ಯಾಂಕ್ ವರ್ಗಾವಣೆಯಂಥ ಬೇರೆ ಪುರಾವೆಯ ಮೇಲೆ ಆ ಮೂಲ ಸಾಲಕ್ಕೇ ದಾವೆ ಕಟ್ಟುವ ದಾರಿ ನೋಡಬೇಕು.

ಹಂತ 5: ನೋಂದಣಿಯ ಗಡುವು ಇನ್ನೂ ಇದೆಯೇ?

ಬರೆದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಕೊಡಬೇಕು. ತಡೆಯಲಾಗದ ಕಾರಣವಿದ್ದರೆ ನೋಂದಣಿ ಕಾಯ್ದೆಯ ಕಲಂ 25ರಲ್ಲಿ ಇನ್ನೂ 4 ತಿಂಗಳು, ನೋಂದಣಿ ಶುಲ್ಕದ 10 ಪಟ್ಟಿನವರೆಗಿನ ದಂಡದೊಂದಿಗೆ. ಬರೆದುಕೊಟ್ಟವರು ಉಪನೋಂದಣಾಧಿಕಾರಿ ಕಚೇರಿಗೆ ಬರಲು ಒಪ್ಪದಿದ್ದರೆ ಕಲಂ 36ರಲ್ಲಿ ಅವರನ್ನು ಕರೆಸಬಹುದು. ಅಲ್ಲಿ ನಿರಾಕರಿಸಿದರೆ ಜಿಲ್ಲಾ ನೋಂದಣಾಧಿಕಾರಿಯ ಬಳಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಕಲಂ 77ರ ದಾವೆ. ನೋಂದಣಿ ತಡವಾಗಿ ಆದರೂ ಪತ್ರ ಜಾರಿಗೆ ಬರುವುದು ಬರೆದ ದಿನದಿಂದಲೇ.

ಗಡುವು ದಾಟಿದ್ದರೆ ಕಲಂ 49ಕ್ಕೆ ಬನ್ನಿ. ಅದಕ್ಕೂ ಮೊದಲು, ನಿಮ್ಮ ಪತ್ರಕ್ಕೆ ನೋಂದಣಿ ನಿಜವಾಗಿಯೂ ಕಡ್ಡಾಯವೇ ಅಂತ ನೋಡಿಕೊಳ್ಳಿ. ಉಯಿಲಿಗೆ ಬೇಡ. 11 ತಿಂಗಳ ಬಾಡಿಗೆ ಕರಾರಿಗೆ ಬೇಡ, ಆ 11 ತಿಂಗಳ ಪದ್ಧತಿ ಹುಟ್ಟಿದ್ದೇ ಅದಕ್ಕೆ. ಸ್ವಾಧೀನ ಕೊಡದ, ಮುಂದೆ ಕ್ರಯಪತ್ರ ಮಾಡಿಸಿಕೊಳ್ಳುವ ಹಕ್ಕನ್ನಷ್ಟೇ ಕೊಡುವ ಕರಾರಿಗೂ 1908ರ ಕಾಯ್ದೆಯಲ್ಲಿ ಕಡ್ಡಾಯವಿಲ್ಲ. ಕ್ರಯ, ದಾನ, ಹಕ್ಕು ಬಿಡುಗಡೆ, ಪಾಲುಪಟ್ಟಿ, ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್, ಇವು ಸ್ಥಿರಾಸ್ತಿಯದ್ದಾದರೆ ಬೇಕು.

ಹಂತ 6: ಪತ್ರದಿಂದ ಏನನ್ನು ಸಾಬೀತು ಮಾಡಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

ನನ್ನ ಕಿರಿಯ ವಕೀಲರಿಗೆ ನಾನು ಇದನ್ನು ಕಾಗದದ ಮೇಲೆ ಬರೆಸುತ್ತೇನೆ. "ಈ ಪತ್ರ ಬೇಕು" ಅಂದರೆ ಸಾಲದು. "ಈ ಪತ್ರದಿಂದ ಇಂಥದ್ದು ತೋರಿಸಬೇಕು" ಅಂತ ಬರೆಯಬೇಕು. ನೋಂದಣಿ ಇಲ್ಲದ ಪತ್ರದ ಹಣೆಬರಹ ನಿರ್ಧಾರವಾಗುವುದು ಆ ಸಾಲಿನಿಂದ.

ಮೊದಲ ಕಿಂಡಿ ನಿರ್ದಿಷ್ಟ ಪಾಲನೆಯ ದಾವೆ, ಅಂದರೆ ಒಪ್ಪಂದದಂತೆ ನಡೆಸಿಕೊಡಿ ಅಂತ ಕೇಳುವ ದಾವೆ. ನೋಂದಣಿಯಾಗದ ಕ್ರಯಪತ್ರವನ್ನೂ "ಮಾರಲು ಒಪ್ಪಂದ ಆಗಿತ್ತು" ಅನ್ನುವುದಕ್ಕೆ ಪುರಾವೆಯಾಗಿ ಅಲ್ಲಿ ತರಬಹುದು ((2010) 5 ಎಸ್‌ಸಿಸಿ 401). ಸ್ವಾಧೀನ ಕೊಟ್ಟ ಕರಾರಿಗೆ 2001ರ ಸೆಪ್ಟೆಂಬರ್ 24ರಿಂದ ಕಲಂ 17(1ಎ) ನೋಂದಣಿ ಬೇಕು ಅನ್ನುತ್ತದೆ. ಆದರೆ ಅದಿಲ್ಲದಿದ್ದರೆ ತಪ್ಪುವುದು ಆಸ್ತಿ ವರ್ಗಾವಣೆ ಕಾಯ್ದೆಯ 53ಎ ರಕ್ಷಣೆ ಮಾತ್ರ. ಅಂದರೆ "ನನ್ನನ್ನು ಸ್ವಾಧೀನದಿಂದ ಬಿಡಿಸಬೇಡಿ" ಅಂತ ಆ ಕಲಂ ಹಿಡಿದು ನಿಲ್ಲಲು ಆಗುವುದಿಲ್ಲ, "ಕ್ರಯಪತ್ರ ಮಾಡಿಕೊಡಿಸಿ" ಅಂತ ಕೇಳಬಹುದು. ಬರೀ ನಿರ್ಬಂಧಕಾಜ್ಞೆಗೆ ದಾವೆ ಹಾಕಿ ಕೂತು, ನಿರ್ದಿಷ್ಟ ಪಾಲನೆಯ 3 ವರ್ಷದ ಕಾಲಮಿತಿ ಕಳೆದುಕೊಂಡವರನ್ನು ನೋಡಿ ಬೇಸರವಾಗಿದೆ. ಪತ್ರ ಒಳಗೆ ಬರುವ ಬಾಗಿಲು ಇತ್ತು, ದಾವೆಯನ್ನೇ ತಪ್ಪು ಮನೆಗೆ ಹಾಕಿದ್ದರು.

ಎರಡನೆಯ ಕಿಂಡಿಯೇ ಆ "ಕೊಲ್ಯಾಟರಲ್ ಪರ್ಪಸ್". ಈ ಪದವನ್ನು ನಮ್ಮಲ್ಲಿ ಮಂತ್ರದಂತೆ ಬಳಸುತ್ತಾರೆ, ಅರ್ಥ ಕೇಳಿದರೆ ತಡವರಿಸುತ್ತಾರೆ. (2008) 8 ಎಸ್‌ಸಿಸಿ 564ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ತಾತ್ಪರ್ಯ ಇಷ್ಟು. ನೀವು ತೋರಿಸಬೇಕೆಂದಿರುವ ವಿಷಯ, ನೋಂದಣಿ ಬೇಕಿದ್ದ ಮುಖ್ಯ ವ್ಯವಹಾರದಿಂದ ಬೇರೆಯಾಗಿ ನಿಲ್ಲುವಂಥದ್ದಾಗಿರಬೇಕು. ಆ ವಿಷಯಕ್ಕೇ ನೋಂದಣಿ ಬೇಕಿರಬಾರದು. ಪತ್ರದ ಮುಖ್ಯ ಷರತ್ತೊಂದನ್ನು ಸಾಬೀತು ಮಾಡುವುದು ಆನುಷಂಗಿಕ ಉದ್ದೇಶ ಆಗುವುದಿಲ್ಲ. ಆ ಪ್ರಕರಣದಲ್ಲಿ, ಮನೆಯನ್ನು ಕಂಪನಿಯ ಒಬ್ಬ ನಿರ್ದಿಷ್ಟ ಅಧಿಕಾರಿಯ ವಾಸಕ್ಕೆ ಮಾತ್ರ ಕೊಟ್ಟದ್ದು ಅನ್ನುವ ಷರತ್ತನ್ನು ನೋಂದಣಿಯಾಗದ ಕರಾರಿನಿಂದ ತೋರಿಸಲು ಮನೆ ಮಾಲೀಕರು ನೋಡಿದರು. ಅದು ಮುಖ್ಯ ಷರತ್ತು, ಆನುಷಂಗಿಕವಲ್ಲ ಅಂತ ಕೋರ್ಟ್ ಬಿಡಲಿಲ್ಲ.

ಪಾಲುಪಟ್ಟಿಗೆ ಇದನ್ನು ಅನ್ವಯಿಸಿ ನೋಡಿ. ಇಬ್ಬರು ಅಣ್ಣತಮ್ಮಂದಿರು, ಸ್ಟಾಂಪ್ ಕೊರತೆ ಕಟ್ಟಿಯಾಗಿದೆ, ನೋಂದಣಿ ಮಾತ್ರ ಇಲ್ಲ. "ಅವತ್ತಿನಿಂದ ನಾವು ಬೇರೆಯಾದೆವು, ಒಟ್ಟು ಕುಟುಂಬ ಮುರಿಯಿತು" ಅಂತ ತೋರಿಸಬಹುದು. "ನಾನು ಆ ಜಮೀನಿನಲ್ಲಿ ಇರುವುದು ಅಣ್ಣನ ಪರವಾಗಿ ಅಲ್ಲ, ನನ್ನದು ಅಂತಲೇ" ಅನ್ನುವ ಸ್ವಾಧೀನದ ಸ್ವರೂಪವನ್ನೂ ತೋರಿಸಬಹುದು. (2015) 16 ಎಸ್‌ಸಿಸಿ 787ರಲ್ಲಿ ಹೀಗೇ ಆಯಿತು, ಅದೂ ಶುಲ್ಕ, ದಂಡ ಕಟ್ಟುವ ಷರತ್ತಿನ ಮೇಲೆ. ಆದರೆ "ಬಾವಿ ಇರುವ ಎರಡು ಎಕರೆ ನನ್ನ ಪಾಲಿಗೆ ಬಂತು" ಅನ್ನಲು ಅದೇ ಪತ್ರ ತೋರಿಸಲಾಗದು. ಅದು ಪತ್ರದ ಮುಖ್ಯ ಮಾತೇ ಅಲ್ವಾ?

ಮೂರು ವರ್ಷದ ಲೀಸ್ ಕರಾರು ನೋಂದಣಿಯಾಗದಿದ್ದರೂ, ಒಳಗಿರುವವರು ಅತಿಕ್ರಮಣಕಾರರಲ್ಲ, ಬಾಡಿಗೆದಾರರಾಗಿ ಬಂದವರು ಅಂತ ತೋರಿಸಬಹುದು. ಮೂರು ವರ್ಷ ಅನ್ನುವ ಅವಧಿಯನ್ನು ತೋರಿಸಲಾಗದು. ವಾಸಕ್ಕೆ ಅಥವಾ ಅಂಗಡಿಗೆ ಕೊಟ್ಟದ್ದಾದರೆ ಅದನ್ನು ಸಾಮಾನ್ಯವಾಗಿ ತಿಂಗಳ ಬಾಡಿಗೆ ಅಂತಲೇ ನೋಡುತ್ತಾರೆ.

ಹಂತ 7: ತಕರಾರು ಎತ್ತುವ ಕಡೆ ನೀವಿದ್ದರೆ

ಸ್ಟಾಂಪಿನ ತಕರಾರಿಗೆ ಇರುವುದು ಒಂದೇ ಗಳಿಗೆ, ಪತ್ರಕ್ಕೆ ನಿ.ಪಿ. (ವಾದಿಯ ನಿಶಾನೆ) ನಂಬರ್ ಬೀಳುವ ಮೊದಲು. ಬಿದ್ದ ಮೇಲೆ ಮುದ್ರಾಂಕ ಕಾಯ್ದೆಯ ಕಲಂ 35 ಬಾಗಿಲು ಹಾಕುತ್ತದೆ. ಅದೇ ದಾವೆಯಲ್ಲಿ ಮತ್ತೆ ಆ ಪ್ರಶ್ನೆ ಎತ್ತುವಂತಿಲ್ಲ, ಮೇಲ್ಮನವಿಯಲ್ಲೂ ಇಲ್ಲ. 1961ರಿಂದ, ಅಂದರೆ ಎಐಆರ್ 1961 ಎಸ್‌ಸಿ 1655ರಿಂದ ಇದು ಬದಲಾಗಿಲ್ಲ. ಈಗ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ಆಗುವುದರಿಂದ ದಸ್ತಾವೇಜುಗಳು ಸರಸರನೆ ಮಾರ್ಕ್ ಆಗಿಬಿಡುತ್ತವೆ. ಆ ಹತ್ತು ನಿಮಿಷ ಫೋನ್ ನೋಡುತ್ತಾ ಕೂತರೆ ಕೆಲಸ ಕೆಟ್ಟಿತು. ಅವತ್ತಿಗೆ ಜೂನಿಯರ್ ಕಳುಹಿಸುವುದಾದರೆ ಯಾವ ಪತ್ರಕ್ಕೆ ಏಳಬೇಕು ಅಂತ ಚೀಟಿಯಲ್ಲಿ ಬರೆದುಕೊಡಿ.

"ತಕರಾರಿಗೆ ಒಳಪಟ್ಟು ಮಾರ್ಕ್ ಮಾಡೋಣ, ಕೊನೆಗೆ ನೋಡೋಣ" ಅಂತ ಕೋರ್ಟ್ ಹೇಳಿದರೆ, ಸ್ಟಾಂಪಿನ ತಕರಾರಿಗೆ ಅದು ಹೊಂದುವುದಿಲ್ಲ ಅಂತ ವಿನಯದಿಂದ ಹೇಳಿ. ಬೇರೆ ತಕರಾರುಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು, ಸ್ಟಾಂಪಿನದ್ದನ್ನು ಮಾತ್ರ ಮುಂದೆ ಹೋಗುವ ಮೊದಲೇ ತೀರ್ಮಾನಿಸಬೇಕು ಅಂತ (2001) 3 ಎಸ್‌ಸಿಸಿ 1ರಲ್ಲೇ ಇದೆ. ತಕರಾರು ಇಲ್ಲದಿದ್ದರೂ ಪತ್ರವನ್ನು ಪರಿಶೀಲಿಸುವ ಹೊಣೆ ನ್ಯಾಯಾಧೀಶರ ಮೇಲಿದೆ ಅಂತ ನಮ್ಮ ಹೈಕೋರ್ಟ್ ಐಎಲ್‌ಆರ್ 1999 ಕರ್ನಾಟಕ 4634ರಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ಫೈಲಿನಲ್ಲಿರಲಿ.

ನೋಂದಣಿಯ ತಕರಾರು ಹಾಗಲ್ಲ. ಕಲಂ 35ರ ರಕ್ಷಣೆ ಸ್ಟಾಂಪಿಗೆ ಮಾತ್ರ. ಮಾರ್ಕ್ ಆಗಿಹೋಗಿದ್ದರೂ, ನೋಂದಣಿ ಇಲ್ಲದ ಕ್ರಯಪತ್ರದಿಂದ ಹಕ್ಕು ಬರುವುದಿಲ್ಲ ಅಂತ ಅಂತಿಮ ವಾದದಲ್ಲೂ ಹೇಳಬಹುದು.

ಪಾಟಿ ಸವಾಲಿನಲ್ಲಿ ನೀವೇ ಒಂದು ಪತ್ರ ತೋರಿಸಿ ಸಾಕ್ಷಿಯಿಂದ ಒಪ್ಪಿಸಿಕೊಳ್ಳಲು ಹೊರಟರೂ ಕಲಂ 34 ಬಿಡುವುದಿಲ್ಲ. ಮಾರ್ಕ್ ಮಾಡಿಸುವವರು ಪ್ರತಿವಾದಿಯಾದರೆ ದಂಡ ಕಟ್ಟಬೇಕಾದವರೂ ಪ್ರತಿವಾದಿಯೇ.

ಹಂತ 8: ಆದೇಶ ಆದ ಮೇಲೆ

ಆದೇಶ ನಿಮ್ಮ ವಿರುದ್ಧವಾದರೆ ಸಾಮಾನ್ಯ ದಾರಿ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ. ದಂಡ ಜಾಸ್ತಿ ಅನ್ನುವುದೊಂದೇ ದೂರಾದರೆ ಹೈಕೋರ್ಟಿಗೆ ಓಡುವ ಮುನ್ನ ಹಂತ 4ರ ಎರಡನೇ ದಾರಿ ಇನ್ನೂ ತೆರೆದಿದೆಯೇ ಅಂತ ನೋಡಿ.

ಪತ್ರ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿದ್ದರೆ ಅಲ್ಲಿಂದ ನೋಟಿಸ್ ಬರುತ್ತದೆ. ಬರೀ ಹೋಗಿ ನಿಲ್ಲಬೇಡಿ, ಒಂದು ಲಿಖಿತ ಹೇಳಿಕೆ ಕೊಡಿ. ಪತ್ರ ಬರೆದದ್ದು ಯಾರು, ಶುಲ್ಕ ಎಷ್ಟು ಅಂತ ನಿಮಗೆ ಹೇಳಿದ್ದು ಯಾರು, ಸ್ವಾಧೀನದ ಸಾಲು ಹೇಗೆ ಸೇರಿತು, ಬರೆದ ದಿನದ ಬೆಲೆ ಎಷ್ಟಿತ್ತು, ಇವಿಷ್ಟೂ ಅದರಲ್ಲಿರಲಿ. ದಂಡ ಎಷ್ಟು ಅನ್ನುವುದಕ್ಕೆ ಅಧಿಕಾರಿಯ ಮುಂದೆ ಇರುವ ಆಧಾರ ಅದೊಂದೇ ಆಗಿರಬಹುದು.

ಹಣ ಕಟ್ಟಿದ ಮೇಲೆ ಮೂಲ ಪತ್ರದ ಮೇಲೆಯೇ ಕಲಂ 41ರ ಷರಾ ಬಿದ್ದಿದೆಯೇ ಅಂತ ಅಲ್ಲೇ ನಿಂತು ನೋಡಿ. ಶುಲ್ಕ ಇಷ್ಟು, ದಂಡ ಇಷ್ಟು, ಕಟ್ಟಿದವರು ಇಂಥವರು ಅಂತ ಬರೆದು ಸಹಿ, ಸೀಲು ಇರಬೇಕು. ಚಲನ್ ಮಾತ್ರ ಕೊಟ್ಟು ಷರಾ ಮರೆತು ಕಳುಹಿಸಿದ ಪತ್ರ ಒಂದು ನನ್ನ ಕೈಗೇ ಬಂದಿತ್ತು. ಅದನ್ನು ಮತ್ತೆ ಅಲ್ಲಿಗೆ ಕಳುಹಿಸಿ ತರಿಸಿಕೊಳ್ಳಲು ಎರಡು ಮುದ್ದತು ಹೋದವು. ಷರಾ ಇರುವ ಮೂಲ ಕೋರ್ಟಿಗೆ ಬಂದ ದಿನ ಒಂದು ಮೆಮೊ ಹಾಕಿ, ಸಾಕ್ಷಿಯನ್ನು ಮತ್ತೆ ಕಟಕಟೆಗೆ ಕರೆಸಿ, ಸಹಿಗಳನ್ನು ಗುರುತಿಸಿ. ಎದುರಿನವರು ಈಗ ನೋಂದಣಿಯ ಮಾತು ತೆಗೆಯುತ್ತಾರೆ. ಹಂತ 6ರಲ್ಲಿ ಬರೆದಿಟ್ಟ ಆ ಒಂದು ಸಾಲನ್ನು ಆಗ ಓದಿ ಹೇಳಿ, ಯಾವ ಉದ್ದೇಶಕ್ಕೆ ಪತ್ರ ಗುರುತಿಸಲಾಯಿತು ಅನ್ನುವುದು ಆರ್ಡರ್ ಶೀಟಿನಲ್ಲಿ ಬರುವಂತೆ ನೋಡಿಕೊಳ್ಳಿ.